ಆಸ್ಪತ್ರೆಯವರ ಮನಸ್ಸಿನ ಮೇಲಿನ ಭಾರ

೨೦೨೦ನೆಯ ಇಸವಿ ಮಾರ್ಚ್ ೨೨ರ ಸಂಜೆ ಐದು ಗಂಟೆಗೆ ನಮ್ಮ ದೇಶದ ಊರೂರುಗಳಲ್ಲಿ ಜನರು ಬಾಗಿಲಿಗೂ ಮಾಳಿಗೆಗೂ ಬಂದು ನಿಂತು, ತಟ್ಟೆ ಜಾಗಟೆಗಳನ್ನು ಬಾರಿಸಿ, ಕೊರೋನಾ ರೋಗಿಗಳ ಆರೈಕೆಗೆ ನಿಂತಿದ್ದ ವೈದ್ಯರಿಗೂ ದಾದಿಯರಿಗೂ ತಮ್ಮ ಕೃತಜ್ಞತೆಯನ್ನು ಸೂಚಿಸಿದರು. ಆ ತಿಂಗಳು ಮುಗಿಯುವುದರೊಳಗಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ನಿವಾಸಿ ವೈದ್ಯರು ಗೃಹಮಂತ್ರಿಗಳಿಗೆ ಪತ್ರ ಬರೆದು, ವೈದ್ಯರನ್ನು ಬಾಡಿಗೆಯ ಮನೆಗಳಿಂದ ಹೊರಡಿಸುತ್ತಿದ್ದಾರೆಂದು ದೂರಬೇಕಾಯಿತು. ಏಪ್ರಿಲ್ ೧೯ರ ರಾತ್ರಿ ಚೆನ್ನೈ ನಗರದಲ್ಲಿ, ಅದೇ ರೋಗಕ್ಕೆ ಬಲಿಯಾದ ನರಶಸ್ತ್ರವೈದ್ಯರೊಬ್ಬರ ಶವವನ್ನು ಹೂಳಲು ಹೋದವರ ಮೇಲೆ ಗುಂಪೊಂದು ಕಲ್ಲು ತೂರಿತು. ಏಪ್ರಿಲ್ ೨೨ರಂದು ಕೇಂದ್ರಸರ್ಕಾರವು, ಮುಂಬಯಿಯ ಪ್ಲೇಗಿನ ಕಾಲದಲ್ಲಿ ರಚಿತವಾದ ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದವರಿಗೆ ಐದು ವರ್ಷಗಳವರೆಗೂ, ತೀವ್ರವಾಗಿ ಗಾಯಗೊಳಿಸಿದವರಿಗೆ ಏಳು ವರ್ಷಗಳವರೆಗೂ ಸೆರೆವಾಸವನ್ನು ವಿಧಿಸಿತು. ಜಾಗಟೆಗೂ ಸೆರೆಮನೆಗೂ ನಡುವೆ ಸರಿಯಾಗಿ ಒಂದು ತಿಂಗಳ ಅಂತರ.

ಜನರನ್ನು ನಿಂದಿಸುವ ಉದ್ದೇಶದಿಂದ ನಾವು ಇದನ್ನು ನೆನಪಿಸುತ್ತಿಲ್ಲ. ಭಯಪಟ್ಟ ಸಮಾಜವು ತನ್ನ ಆರೈಕೆಗೆ ನಿಂತವರನ್ನು ದೇವರ ಪೀಠಕ್ಕೆ ಏರಿಸುವುದೂ ಊರಾಚೆಗೆ ಅಟ್ಟುವುದೂ ಹೊಸತಲ್ಲ. ಎರಡರಲ್ಲಿಯೂ ಅವರನ್ನು ನಮ್ಮಂತಹ ಮನುಷ್ಯರಲ್ಲವೆಂದು ಎಣಿಸುವ ಭಾವವೇ ಇರುತ್ತದೆ. ಪೂಜಿಸಿದವರಾಗಲಿ ದೂರವಿಟ್ಟವರಾಗಲಿ ಕೇಳದೆ ಹೋದ ಸಾಮಾನ್ಯವಾದ ಪ್ರಶ್ನೆಯೊಂದುಂಟು: ಈ ಜನರ ಮೇಲೆ ಬಿದ್ದ ಭಾರವೆಷ್ಟು? ಅದು ಎಷ್ಟು ಹೊತ್ತು ಬಿದ್ದಿತು? ಎಷ್ಟು ಮಂದಿಯ ನಡುವೆ ಹಂಚಿಕೆಯಾಯಿತು? ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಮನಶ್ಶಾಸ್ತ್ರದಲ್ಲಿ ಅಧಿಕಾರವಾಣಿಯಿಂದ ಮಾತನಾಡುವ ಹಕ್ಕಿಲ್ಲ. ಆದರೆ ಭಾರವನ್ನು ಕುರಿತು ಒಂದೆರಡು ಮಾತು ಹೇಳಬಹುದೆಂದು ಭಾವಿಸುತ್ತೇವೆ.

ಈ ವಿಷಯದಲ್ಲಿ ಎಲ್ಲರೂ ಬಳಸುವ ಮಾತು ‘ಒತ್ತಡ’ ಎಂಬುದು. ತರಗತಿಯಲ್ಲಿ ಈ ಪದಕ್ಕೆ ಖಚಿತವಾದ ಅರ್ಥವಿದೆ: ಬಲವನ್ನು ಅದು ಬೀಳುವ ಕ್ಷೇತ್ರಫಲದಿಂದ ಭಾಗಿಸಿದರೆ ಬರುವುದು ಒತ್ತಡ. ಅದೇ ತೂಕವನ್ನು ಅಗಲವಾದ ಹಲಗೆಯ ಮೇಲಿಟ್ಟರೆ ಒತ್ತಡ ಕಡಮೆ, ಮೊಳೆಯ ತುದಿಯ ಮೇಲಿಟ್ಟರೆ ಹೆಚ್ಚು. ಘನವಸ್ತುಗಳ ವಿಚಾರದಲ್ಲಿ ಇದಕ್ಕೆ ಸಮೀಪದ ಎರಡು ಪದಗಳು ಬರುತ್ತವೆ. ತಂತಿಯೊಂದಕ್ಕೆ ತೂಕವನ್ನು ತೂಗಹಾಕಿದಾಗ, ಅದರ ಅಡ್ಡಕೊಯ್ತದ ಪ್ರತಿಯೊಂದು ಚದರ ಮಿಲಿಮೀಟರಿನ ಮೇಲೂ ಬೀಳುವ ಬಲವು ‘ಸ್ಟ್ರೆಸ್’ ಅಥವಾ ಪೀಡನ. ಅದರಿಂದಾಗಿ ತಂತಿಯು ತನ್ನ ಉದ್ದದ ಎಷ್ಟನೆಯ ಪಾಲು ಹಿಗ್ಗಿತು ಎಂಬುದು ‘ಸ್ಟ್ರೇನ್’ ಅಥವಾ ವಿಕೃತಿ. ಮೊದಲನೆಯದು ಹೊರೆಯ ಲೆಕ್ಕ, ಎರಡನೆಯದು ಹೊತ್ತ ವಸ್ತುವಿಗೆ ಆದುದರ ಲೆಕ್ಕ. ಇವೆರಡನ್ನೂ ಅದಲುಬದಲು ಮಾಡಿ ಬರೆದು ಅಂಕ ಕಳೆದುಕೊಳ್ಳದ ವಿದ್ಯಾರ್ಥಿಗಳು ವಿರಳ.

ವಿನೋದವೆಂದರೆ, ವೈದ್ಯಶಾಸ್ತ್ರವೇ ಇವೆರಡನ್ನೂ ಅದಲುಬದಲು ಮಾಡಿದೆ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿ, ಶೀತ, ಗಾಯ, ವಿಷ, ಅತಿಶ್ರಮ ಮೊದಲಾದ ಬೇರೆ ಬೇರೆ ಪೀಡೆಗಳಿಗೆ ದೇಹವು ಒಂದೇ ಬಗೆಯಾಗಿ ಪ್ರತಿಕ್ರಿಯೆ ತೋರುವುದನ್ನು ೧೯೩೬ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಮೊದಲು ಎಚ್ಚರಿಕೆಯ ಘಟ್ಟ, ಬಳಿಕ ತಡೆದು ನಿಲ್ಲುವ ಘಟ್ಟ, ಪೀಡೆ ನಿಲ್ಲದಿದ್ದರೆ ಕೊನೆಗೆ ಸೋಲುವ ಘಟ್ಟ. ಈ ಸ್ಥಿತಿಗೆ ಅವನು ಕಾಲಕ್ರಮದಲ್ಲಿ ಸ್ಟ್ರೆಸ್ ಎಂಬ ಹೆಸರನ್ನಿಟ್ಟನು. ಇಂಗ್ಲಿಷ್ ಅವನ ತಾಯ್ನುಡಿಯಾಗಿರಲಿಲ್ಲ. ಆ ಭಾಷೆ ಇನ್ನಷ್ಟು ಚೆನ್ನಾಗಿ ಬಂದಿದ್ದರೆ ಸ್ಟ್ರೇನ್ ಎಂದೇ ಕರೆಯುತ್ತಿದ್ದೆನೆಂದು ಅವನೇ ಮುಂದೆ ಹೇಳಿಕೊಂಡನು. ಪದದ ಈ ಜಾರುವಿಕೆ ಸಣ್ಣದೆಂದು ತೋರಬಹುದು. ಆದರೆ ನಮ್ಮ ಅಭಿಪ್ರಾಯದಲ್ಲಿ, ಮಹಾಮಾರಿಯ ಕಾಲದಲ್ಲಿ ಆಸ್ಪತ್ರೆಯವರಿಗೆ ಆದ ಅನ್ಯಾಯದ ಒಂದು ಪಾಲು ಇದರಲ್ಲಿಯೇ ಅಡಗಿದೆ. ನಾವು ದಾದಿಯ ಮನಸ್ಸಿಗೆ ಆದುದನ್ನು ಒತ್ತಡವೆಂದು ಕರೆದು, ಅದನ್ನು ಅವಳೊಳಗೇ ಹುಡುಕಿ, ಅಲ್ಲಿಯೇ ಚಿಕಿತ್ಸೆ ಮಾಡಹೊರಟೆವು. ಹೊರೆಯು ಮಾತ್ರ ಹೊರಗೆ ಹಾಗೆಯೇ ಉಳಿಯಿತು.

ಹೊರೆಯೆಂದರೆ ಏನೇನು? ಮೊದಲು ಕಣ್ಣಿಗೆ ಕಾಣುವ ಉಡುಪಿನಿಂದಲೇ ತೊಡಗೋಣ. ತಲೆಯಿಂದ ಕಾಲಿನವರೆಗೆ ಮುಚ್ಚುವ ರಕ್ಷಣಾ ಉಡುಪು, ಎರಡು ಜೊತೆ ಕೈಚೀಲ, ಬಿಗಿಯಾದ ಎನ್-೯೫ ಮುಖವಾಡ, ಅದರ ಮೇಲೆ ಕನ್ನಡಕ, ಮುಖಕವಚ. ಸುಮ್ಮನೆ ಕುಳಿತ ಮನುಷ್ಯನ ದೇಹವು ಸುಮಾರು ೧೦೦ ವ್ಯಾಟ್ ಶಾಖವನ್ನು ಹೊರಹಾಕುತ್ತದೆ; ವಾರ್ಡಿನಲ್ಲಿ ಓಡಾಡುತ್ತ, ರೋಗಿಯನ್ನು ಹೊರಳಿಸುತ್ತ ಕೆಲಸ ಮಾಡುವವರಲ್ಲಿ ಅದು ೨೦೦ ವ್ಯಾಟಿಗೆ ಏರಿತೆಂದು ಇಟ್ಟುಕೊಳ್ಳೋಣ. ಬೇಸಗೆಯಲ್ಲಿ ಹೊರಗಿನ ಗಾಳಿಯು ಚರ್ಮದಷ್ಟೇ ಬೆಚ್ಚಗಾದಾಗ ಈ ಶಾಖವು ದೇಹವನ್ನು ಬಿಟ್ಟುಹೋಗಲು ಉಳಿಯುವ ದಾರಿ ಒಂದೇ, ಬೆವರು ಆವಿಯಾಗುವುದು. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು ೨,೪೦೦ ಜೂಲ್ ಶಾಖವನ್ನು ಒಯ್ಯುತ್ತದೆ. ೨೦೦ ವ್ಯಾಟಿನಂತೆ ಒಂದು ಗಂಟೆಗೆ ೭,೨೦,೦೦೦ ಜೂಲ್. ಅಂದರೆ ಗಂಟೆಗೆ ೩೦೦ ಗ್ರಾಂ ಬೆವರು, ಆರು ಗಂಟೆಗಳಿಗೆ ೧.೮ ಲೀಟರು. ಇದು ಬೆವರೆಲ್ಲವೂ ಆವಿಯಾದರೆ ಬರುವ ಲೆಕ್ಕ. ಗಾಳಿಯಾಡದ ಉಡುಪಿನೊಳಗೆ ನೀರಾವಿ ತುಂಬಿಕೊಂಡು ಆವಿಯಾಗುವಿಕೆಯೇ ಕುಂಠಿತವಾಗುತ್ತದೆ. ಆವಿಯಾಗದೆ ಹನಿಹನಿಯಾಗಿ ಇಳಿದು ಬೂಟಿನಲ್ಲಿ ನಿಂತ ಬೆವರು ದೇಹವನ್ನು ತಣಿಸುವುದಿಲ್ಲ, ನೀರನ್ನು ಮಾತ್ರ ಕಳೆಯುತ್ತದೆ. ಇಷ್ಟು ನೀರನ್ನು ಕಳೆದುಕೊಂಡವರು ಕುಡಿಯುವಂತಿಲ್ಲ; ಕುಡಿಯಬೇಕಾದರೆ ಉಡುಪನ್ನು ಕಳಚಬೇಕು. ಶೌಚಕ್ಕೂ ಹಾಗೆಯೇ. ಮತ್ತೆ ಹೊಸ ಉಡುಪು ಸಿಕ್ಕೀತೆಂಬ ಭರವಸೆ ಮೊದಲ ತಿಂಗಳುಗಳಲ್ಲಿ ಎಲ್ಲೆಡೆಯೂ ಇರಲಿಲ್ಲ. ಕಲಬುರಗಿ ರಾಯಚೂರುಗಳ ಏಪ್ರಿಲ್ ತಿಂಗಳಿನ ಬಿಸಿಲನ್ನು ಬಲ್ಲ ವಾಚಕರು ಉಳಿದುದನ್ನು ಊಹಿಸಿಕೊಳ್ಳಬಹುದು. ಹೀಗೆ ಬಾಯಾರಿ, ತಲೆ ಕಾಯ್ದು, ಕನ್ನಡಕದ ಮೇಲೆ ಮಂಜು ಕವಿದಿರುವಾಗ ಸಣ್ಣ ರಕ್ತನಾಳಕ್ಕೆ ಸೂಜಿ ಚುಚ್ಚಬೇಕಾದವರ ಮನಃಸ್ಥಿತಿಯನ್ನು ಕೇವಲ ‘ಆತಂಕ’ ಎಂದು ಬರೆದುಕೊಂಡು ಮುಂದೆ ಸಾಗುವುದು ನ್ಯಾಯವಲ್ಲ. ಅದರಲ್ಲಿ ಉಷ್ಣಶಾಸ್ತ್ರದ ಪಾಲೂ ಉಂಟು.

ಭಯದ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ೨೦೨೦ರ ಜನವರಿಯಿಂದ ೨೦೨೧ರ ಮೇ ವರೆಗೆ ಪ್ರಪಂಚದಲ್ಲಿ ಈ ರೋಗದಿಂದ ಸತ್ತ ಆರೋಗ್ಯ ಕಾರ್ಯಕರ್ತರ ಸಂಖ್ಯೆಯು ೮೦ ಸಾವಿರಕ್ಕೂ ೧ ಲಕ್ಷದ ೮೦ ಸಾವಿರಕ್ಕೂ ನಡುವೆ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಆ ಭಯವು ಭ್ರಮೆಯಾಗಿರಲಿಲ್ಲ. ತಮಗಿಂತ ಹೆಚ್ಚಾಗಿ ಮನೆಯ ಮುದುಕರಿಗೆ, ಮಕ್ಕಳಿಗೆ ಸೋಂಕನ್ನು ಒಯ್ಯುವ ಭಯವೇ ಅವರನ್ನು ಕಾಡಿತು. ತಿಂಗಳುಗಟ್ಟಲೆ ಮನೆಯ ಹೊಸ್ತಿಲು ದಾಟದೆ ಉಳಿದ ತಾಯಂದಿರು ಅನೇಕರು.

ಇವೆಲ್ಲಕ್ಕಿಂತ ಆಳವಾಗಿ ಇಳಿಯುವ ಭಾರ ಇನ್ನೊಂದಿದೆ. ಏನು ಮಾಡಬೇಕೆಂದು ತಿಳಿದಿದ್ದೂ ಮಾಡಲಾಗದೆ ನಿಲ್ಲುವುದು. ೨೦೨೧ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ ಒಂದು ಹಗಲು ಒಂದು ರಾತ್ರಿಯೊಳಗೆ ೨೪ ರೋಗಿಗಳು ಪ್ರಾಣಬಿಟ್ಟ ವಾರ್ತೆಯನ್ನು ಕನ್ನಡಿಗರಾರೂ ಮರೆತಿರಲಾರರು. ಸತ್ತವರ ಮನೆಯವರ ದುಃಖಕ್ಕೆ ಸಾಟಿಯಿಲ್ಲ. ಅದನ್ನು ಕುರಿತು ಬರೆದವರೂ ಇದ್ದಾರೆ. ಆ ರಾತ್ರಿ ಹಾಸಿಗೆಗಳ ನಡುವೆ ನಿಂತಿದ್ದ ದಾದಿಯರನ್ನೂ ಕಿರಿಯ ವೈದ್ಯರನ್ನೂ ಕುರಿತು ಎಷ್ಟು ಮಂದಿ ಯೋಚಿಸಿದರು? ಸಿಲಿಂಡರಿನ ಒತ್ತಡಮಾಪಕದ ಮುಳ್ಳು ಇಳಿಯುವುದನ್ನು ನೋಡುತ್ತ ನಿಲ್ಲಬೇಕಾದವರಿಗೆ ಧೈರ್ಯದ ಕೊರತೆ ಇರಲಿಲ್ಲ, ಅನಿಲದ ಕೊರತೆ ಇತ್ತು. ಅಮೆರಿಕದ ಮನೋವೈದ್ಯ ಜೊನಾಥನ್ ಶೇ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರನ್ನು ಪರೀಕ್ಷಿಸುತ್ತ, ತನ್ನ ಆತ್ಮಸಾಕ್ಷಿಗೆ ವಿರುದ್ಧವಾದುದರಲ್ಲಿ ಪಾಲುಗೊಳ್ಳಬೇಕಾಗಿ ಬಂದವನಿಗೆ ಆಗುವ ಹಾನಿಯನ್ನು ‘ನೈತಿಕ ಗಾಯ’ ಎಂಬರ್ಥದ ಹೆಸರಿನಿಂದ ಕರೆದನು. ಹಾಸಿಗೆ ಒಂದೇ ಇದ್ದು ಮೂವರು ಬಂದಾಗ ಯಾರಿಗೆ ಕೊಡಬೇಕೆಂದು ನಿರ್ಣಯಿಸಿದವರಿಗೂ ಈ ಹೆಸರು ಸಲ್ಲುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ದಿನಗಳಲ್ಲಿ ಒಂದು ದೊಡ್ಡ ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. ಅನಂತರ ಭೇಟಿಯಾದಾಗ ನಾವು ಸಹಜವಾಗಿ ಸಾವಿನ ಮಾತನ್ನೆತ್ತಿದೆವು. ಅವಳು ಹೇಳಿದುದು ಬೇರೆ. “ಸಾವು ನೋಡಿದ್ದೇವೆ ಸಾರ್, ಅದು ನಮ್ಮ ಕೆಲಸದಲ್ಲಿ ಇದ್ದದ್ದೇ. ಫೋನು ಹಿಡಿದುಕೊಂಡು ನಿಲ್ಲುವುದು ಕಷ್ಟ ಆಗುತ್ತಿತ್ತು. ಮನೆಯವರು ಆ ಕಡೆಯಿಂದ ‘ಅಪ್ಪಾ’ ಅಂತ ಕೂಗುತ್ತಿರುತ್ತಾರೆ, ಈ ಕಡೆ ಅವರಿಗೆ ಕೇಳುವುದಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, ರಾತ್ರಿಯ ಪಾಳಿ ಮುಗಿಸಿದವರನ್ನೆಲ್ಲ ಬೆಳಗ್ಗೆ ಒಂದು ಗಂಟೆ ಹೆಚ್ಚಿಗೆ ನಿಲ್ಲಿಸಿಕೊಂಡು, ಒತ್ತಡವನ್ನು ಗೆಲ್ಲುವುದು ಹೇಗೆಂಬ ಉಪನ್ಯಾಸವನ್ನು ಪರದೆಯ ಮೇಲೆ ತೋರಿಸಿದುದನ್ನು ನಗುತ್ತ ವರ್ಣಿಸಿದಳು. ಆ ಒಂದು ಗಂಟೆಯ ನಿದ್ರೆಯನ್ನು ಕೊಟ್ಟಿದ್ದರೆ ಉಪನ್ಯಾಸದ ಅರ್ಧಭಾಗ ಅನಾವಶ್ಯಕವಾಗುತ್ತಿತ್ತು. ಉಪನ್ಯಾಸವನ್ನೇ ವೃತ್ತಿಯಾಗಿ ಮಾಡಿಕೊಂಡ ನಾವು ಈ ಮಾತನ್ನು ಸಂತೋಷದಿಂದ ಬರೆಯುತ್ತಿಲ್ಲ.

ಪ್ರಾಣಾಯಾಮ, ಆಪ್ತಸಲಹೆ, ಧೈರ್ಯವಚನಗಳನ್ನು ನಾವು ಹಳಿಯುತ್ತೇವೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೨೦ರಲ್ಲಿಯೇ ದೂರವಾಣಿಯ ಮೂಲಕ ಸಲಹೆ ನೀಡತೊಡಗಿತು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಯಾರು ಬೇಕಾದರೂ ಕರೆಮಾಡಬಹುದು. ನೊಂದ ಮನಸ್ಸಿಗೆ ಇವು ಅತ್ಯಾವಶ್ಯಕ. ಆದರೆ ಇವೆಲ್ಲವೂ ವಿಕೃತಿಗೆ ಮಾಡುವ ಉಪಚಾರ. ಪೀಡನವನ್ನು ಇಳಿಸುವ ಉಪಾಯ ಬೇರೆ. ಅದನ್ನು ಹುಡುಕಬೇಕಾದವರೂ ಬೇರೆ.

ಇದು ಬರಿಯ ಶಬ್ದಚಮತ್ಕಾರವಲ್ಲವೆ ಎಂದು ಕೇಳುವವರಿಗಾಗಿ ಎರಡು ಸಮೀಕ್ಷೆಗಳನ್ನು ಹೋಲಿಸುತ್ತೇವೆ. ಚೀನದಲ್ಲಿ ೨೦೨೦ರ ಜನವರಿ ಕೊನೆಯ ದಿನಗಳಲ್ಲಿಯೂ ಫೆಬ್ರವರಿ ಮೊದಲ ದಿನಗಳಲ್ಲಿಯೂ ೩೪ ಆಸ್ಪತ್ರೆಗಳ ೧,೨೫೭ ಸಿಬ್ಬಂದಿಯನ್ನು ಪ್ರಶ್ನಿಸಲಾಯಿತು. ಅವರಲ್ಲಿ ನೂರಕ್ಕೆ ೫೦ ಮಂದಿಯಲ್ಲಿ ಖಿನ್ನತೆಯ, ಸುಮಾರು ೪೫ ಮಂದಿಯಲ್ಲಿ ಆತಂಕದ, ೩೪ ಮಂದಿಯಲ್ಲಿ ನಿದ್ರಾಹೀನತೆಯ ಲಕ್ಷಣಗಳು ಕಂಡುಬಂದವು. ಈ ಅಂಕಿಗಳು ಪ್ರಪಂಚವೆಲ್ಲ ಹರಡಿದವು. ಪ್ರಯೋಗಾಲಯದ ಅಭ್ಯಾಸವುಳ್ಳವರು ಇಲ್ಲಿ ಒಂದು ಕೊರತೆಯನ್ನು ಗುರುತಿಸುವರು: ರೋಗ ಬರುವುದಕ್ಕೆ ಮುಂಚೆ ಇವರ ಸ್ಥಿತಿ ಹೇಗಿತ್ತೆಂಬುದು ಇದರಿಂದ ತಿಳಿಯುವುದಿಲ್ಲ. ವಿಕೃತಿಯನ್ನು ಅಳೆದಿದೆ, ಹೊರೆಯೊಂದಿಗೆ ಅದರ ಸಂಬಂಧವನ್ನು ಪೂರ್ತಿಯಾಗಿ ಅಳೆದಿಲ್ಲ. ಆದರೂ ರೋಗಿಗಳ ಬಳಿ ನೇರವಾಗಿ ದುಡಿದವರಲ್ಲಿ ಲಕ್ಷಣಗಳು ತೀವ್ರವಾಗಿದ್ದವೆಂಬುದು ಗಮನಾರ್ಹ.

ಎರಡನೆಯದು ಇದಕ್ಕಿಂತ ಹಳೆಯದು. ೨೦೦೩ರ ಸಾರ್ಸ್ ರೋಗವು ಪ್ರಪಂಚದಲ್ಲಿ ೮,೦೯೮ ಜನರಿಗೆ ತಗಲಿ ೭೭೪ ಮಂದಿಯನ್ನು ಕೊಂದಿತು. ತಗಲಿದವರಲ್ಲಿ ಸುಮಾರು ಐದರಲ್ಲೊಂದು ಪಾಲು ಆಸ್ಪತ್ರೆಯ ಸಿಬ್ಬಂದಿಯೇ. ಕೆನಡಾದ ಟೊರಾಂಟೊ ನಗರವು ಆಗ ಬಹಳ ಬಾಧೆಪಟ್ಟಿತು. ರೋಗ ಅಡಗಿ ೧೩ರಿಂದ ೨೬ ತಿಂಗಳು ಕಳೆದ ಮೇಲೆ ಸಂಶೋಧಕರು ಟೊರಾಂಟೊದ ಒಂಬತ್ತು ಆಸ್ಪತ್ರೆಗಳನ್ನೂ, ಸಾರ್ಸ್ ರೋಗಿಗಳನ್ನು ನೋಡದಿದ್ದ ನೆರೆಯ ಹ್ಯಾಮಿಲ್ಟನ್ ನಗರದ ನಾಲ್ಕು ಆಸ್ಪತ್ರೆಗಳನ್ನೂ ಹೋಲಿಸಿದರು. ಒಟ್ಟು ೭೬೯ ಮಂದಿ. ಕೆಲಸದಿಂದ ಬೆಂದು ಬಸವಳಿದವರು ಹ್ಯಾಮಿಲ್ಟನ್ನಿನಲ್ಲಿ ನೂರಕ್ಕೆ ೧೯, ಟೊರಾಂಟೊದಲ್ಲಿ ೩೦. ವೃತ್ತಿ ಒಂದೇ, ದೇಶ ಒಂದೇ. ಬಿದ್ದ ಹೊರೆ ಮಾತ್ರ ಬೇರೆ. ತಮಗೆ ದೊರೆತ ತರಬೇತಿ, ರಕ್ಷಣೆ, ಮೇಲಿನವರ ಬೆಂಬಲ ಸಾಕಷ್ಟಿತ್ತೆಂದು ಭಾವಿಸಿದವರಲ್ಲಿ ಹಾನಿ ಕಡಮೆಯಾಗಿತ್ತೆಂಬುದೂ ಅಲ್ಲಿ ಕಂಡುಬಂದಿತು.

ತೂಕವನ್ನು ತೆಗೆದು ವರ್ಷ ಕಳೆದರೂ ಹೋಗದ ಈ ಶೇಷವನ್ನು ತಂತಿಯ ಪ್ರಯೋಗ ಮಾಡಿದವರು ಬಲ್ಲರು. ಸ್ಥಿತಿಸ್ಥಾಪಕ ಮಿತಿಯನ್ನು ದಾಟಿ ಎಳೆದ ತಂತಿಯು ಮೊದಲಿನ ಉದ್ದಕ್ಕೆ ಹಿಂದಿರುಗುವುದಿಲ್ಲ. ಮಿತಿಯೊಳಗಿನ ತೂಕವಾದರೂ ಸಾವಿರ ಸಾರಿ ಹಾಕಿ ತೆಗೆದರೆ ಲೋಹಕ್ಕೆ ದಣಿವುಂಟಾಗುತ್ತದೆ. ೧೯೫೪ರ ಜನವರಿಯಲ್ಲಿಯೂ ಏಪ್ರಿಲಿನಲ್ಲಿಯೂ ಮೆಡಿಟರೇನಿಯನ್ ಸಮುದ್ರದ ಮೇಲೆ ಎರಡು ‘ಕಾಮೆಟ್’ ವಿಮಾನಗಳು ಛಿದ್ರವಾದುದು ಹೀಗೆಯೇ. ಒಂದು ಹಾರಾಟದ ಒತ್ತಡದಿಂದ ಅವು ಒಡೆಯುವಂತಿರಲಿಲ್ಲ. ಪ್ರತಿ ಹಾರಾಟದಲ್ಲಿಯೂ ಏರಿ ಇಳಿದ ಒತ್ತಡವು ಸಣ್ಣ ಬಿರುಕನ್ನು ಬೆಳೆಸಿತು. ತನಿಖೆ ಮಾಡಿದವರು ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಮತ್ತೆ ಮತ್ತೆ ಒತ್ತಡ ಹಾಕಿ ಇದನ್ನು ಕಂಡುಹಿಡಿದರು. ಆಮೇಲೆ ವಿನ್ಯಾಸವನ್ನು ಬದಲಾಯಿಸಿದರು. ಲೋಹಕ್ಕೆ ಮನೋಬಲ ಸಾಲದೆಂದು ಯಾರೂ ಹೇಳಲಿಲ್ಲ.

ಉಪಮೆಯನ್ನು ಇಲ್ಲಿಗೆ ಬಿಡಬೇಕು. ಏಕೆಂದರೆ ಅದು ಮುಂದಕ್ಕೆ ಬಾರದು. ದಣಿದ ಲೋಹವು ವಿಶ್ರಾಂತಿಯಿಂದ ಗುಣವಾಗುವುದಿಲ್ಲ, ದಣಿದ ಮನುಷ್ಯನು ಆಗುತ್ತಾನೆ. ಇದು ಆಶಾದಾಯಕ. ಆದರೆ ವಿಶ್ರಾಂತಿಗೆ ಬೇಕಾದುದು ಸಾಂತ್ವನವಲ್ಲ, ಜಾಗದಲ್ಲಿ ನಿಲ್ಲಲು ಇನ್ನೊಬ್ಬರು. ಇದನ್ನು ವಾಚಕರು ತಾವೇ ಲೆಕ್ಕ ಮಾಡಿ ನೋಡಬಹುದು. ವಾರ್ಡಿನಲ್ಲಿ ಹಗಲಿರುಳೂ ಒಬ್ಬ ದಾದಿ ಇರಲೇಬೇಕು ಎನ್ನೋಣ. ವಾರಕ್ಕೆ ೧೬೮ ಗಂಟೆ. ರಕ್ಷಣಾ ಉಡುಪಿನಲ್ಲಿ ದಿನಕ್ಕೆ ಆರು ಗಂಟೆಗಿಂತ ಹೆಚ್ಚು ದುಡಿಸಬಾರದೆಂದರೆ, ಬಿಡುವಿಲ್ಲದೆ ವಾರದ ಏಳು ದಿನವೂ ಬಂದವಳಿಂದ ದೊರೆಯುವುದು ೪೨ ಗಂಟೆ. ಆದುದರಿಂದ ನಾಲ್ವರು ಬೇಕು. ೨೦೨೦ರ ಮೊದಲ ತಿಂಗಳುಗಳಲ್ಲಿ ಅನೇಕ ಕಡೆ ಇದ್ದಂತೆ, ಇಷ್ಟು ದಿನಗಳ ಕೆಲಸಕ್ಕೆ ಅಷ್ಟೇ ದಿನಗಳ ಪ್ರತ್ಯೇಕವಾಸ ಸೇರಿದರೆ ಎಂಟು ಮಂದಿ. ಕಾಯಿಲೆ ಬಿದ್ದವರನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಹಾಸಿಗೆಯ ಬಳಿ ಕಾಣುವ ಒಬ್ಬಳಿಗಾಗಿ ಹಾಜರಿ ಪುಸ್ತಕದಲ್ಲಿ ಎಂಟು ಹೆಸರು. ಪುಸ್ತಕದಲ್ಲಿ ಐದೇ ಹೆಸರುಗಳಿದ್ದರೆ ಉಳಿದ ಮೂವರ ಭಾರವನ್ನು ಆ ಐವರೇ ಹೊರುವರು. ಬಲವನ್ನು ಕ್ಷೇತ್ರಫಲದಿಂದ ಭಾಗಿಸುವುದೆಂದರೆ ಇದೇ. ಕ್ಷೇತ್ರಫಲವನ್ನು ಹೆಚ್ಚಿಸುವ ಅಧಿಕಾರ ದಾದಿಗಿಲ್ಲ. ಹುದ್ದೆಗಳನ್ನು ಮಂಜೂರು ಮಾಡುವವರಿಗಿದೆ.

ಆಸ್ಪತ್ರೆಯ ಹೊರಗೆ ದುಡಿದವರ ಮಾತನ್ನೂ ಆಡಬೇಕು. ಕರ್ನಾಟಕದಲ್ಲಿ ಸುಮಾರು ೪೨ ಸಾವಿರ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಜ್ವರ ಕೆಮ್ಮುಗಳನ್ನು ವಿಚಾರಿಸಿ ಬರೆದುಕೊಂಡರು. ಬೈಸಿಕೊಂಡರು, ಕೆಲವೆಡೆ ಏಟನ್ನೂ ತಿಂದರು. ೨೦೨೦ರ ಜುಲೈ ೧೦ರಿಂದ ಅವರು ಮುಷ್ಕರ ಹೂಡಿದಾಗ ಕೇಳಿದುದು ತಿಂಗಳಿಗೆ ೧೨,೦೦೦ ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ. ೨೦೨೨ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆಲ್ಲ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು. ಪ್ರಶಸ್ತಿ ಬಂದುದಕ್ಕೆ ನಮಗೂ ಹೆಮ್ಮೆಯಿದೆ. ಮನೆಯಲ್ಲಿ ಅಕ್ಕಿ ಮುಗಿದಿದೆಯೆಂಬ ಚಿಂತೆಯು ಸೋಂಕಿನ ಚಿಂತೆಯೊಂದಿಗೆ ಸೇರಿ ಕೂಡುತ್ತದೆಯೇ ಹೊರತು ಅದರಿಂದ ಕಳೆಯುವುದಿಲ್ಲವೆಂಬುದನ್ನು ಮಾತ್ರ ಮನಶ್ಶಾಸ್ತ್ರದ ಪ್ರಶ್ನಾವಳಿಗಳನ್ನು ಸಿದ್ಧಪಡಿಸುವವರು ಗಮನಿಸಬೇಕು.

ಸೇವೆಯನ್ನು ಆರಿಸಿಕೊಂಡವರು ಕಷ್ಟವನ್ನೂ ಆರಿಸಿಕೊಂಡರಲ್ಲವೆ ಎಂಬ ಆಕ್ಷೇಪವುಂಟು. ಗಣಿಯಲ್ಲಿ ದುಡಿಯುವವನೂ ಅಪಾಯವನ್ನು ತಿಳಿದೇ ಇಳಿಯುತ್ತಾನೆ. ಹಾಗೆಂದು ಗಣಿಯ ಸೂರಿಗೆ ಆಧಾರ ಕೊಡದೆ ಬಿಡುವ ಹಕ್ಕು ಒಡೆಯನಿಗೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣವು, ಬೆಂದು ಬಸವಳಿಯುವ ಈ ಸ್ಥಿತಿಯನ್ನು ರೋಗವೆಂದು ಪರಿಗಣಿಸದೆ, ಸರಿಯಾಗಿ ನಿರ್ವಹಿಸದೆ ಬಿಟ್ಟ ದೀರ್ಘಕಾಲದ ಒತ್ತಡದಿಂದ ಉಂಟಾಗುವ ಉದ್ಯೋಗಸಂಬಂಧದ ವಿದ್ಯಮಾನವೆಂದು ಹೆಸರಿಸಿದೆ. ರೋಗವೆಂದಿದ್ದರೆ ರೋಗಿಯನ್ನು ಹುಡುಕುತ್ತಿದ್ದೆವು. ಉದ್ಯೋಗದ್ದೆಂದ ಮೇಲೆ ಉದ್ಯೋಗವನ್ನು ಪರೀಕ್ಷಿಸಬೇಕು.

ಸಹಾಯ ಬೇಕಾದವರು ಅದನ್ನು ಕೇಳಲು ಅಂಜುವ ಸ್ಥಿತಿಯೂ ಹೊರೆಯ ಭಾಗವೇ. ನ್ಯೂಯಾರ್ಕಿನ ತುರ್ತುಚಿಕಿತ್ಸೆಯ ವೈದ್ಯೆ ಲೋರ್ನಾ ಬ್ರೀನ್ ತಾವೇ ಕೊರೋನಾ ಪೀಡಿತರಾಗಿ, ಮತ್ತೆ ಕೆಲಸಕ್ಕೆ ಹೋಗಿ, ೨೦೨೦ರ ಏಪ್ರಿಲ್ ೨೬ರಂದು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಮನೋವೈದ್ಯರ ಬಳಿ ಹೋದುದು ತಿಳಿದರೆ ವೃತ್ತಿಯ ಪರವಾನಗಿಗೆ ಕುತ್ತು ಬರುವುದೆಂದು ಅವರು ಹೆದರಿದ್ದರೆಂಬುದನ್ನು ಮನೆಯವರು ಬಹಿರಂಗವಾಗಿ ತಿಳಿಸಿದರು. ೨೦೨೨ರ ಮಾರ್ಚ್ ೧೮ರಂದು ಅಮೆರಿಕದಲ್ಲಿ ಅವರ ಹೆಸರಿನಲ್ಲಿಯೇ ಆರೋಗ್ಯ ಕಾರ್ಯಕರ್ತರ ಮಾನಸಿಕ ರಕ್ಷಣೆಗಾಗಿ ಕಾನೂನು ಜಾರಿಗೆ ಬಂದಿತು. ನಮ್ಮ ದೇಶದ ತಿದ್ದುಪಡಿ ಕಾನೂನು ಕಲ್ಲು ತೂರುವವರಿಂದ ರಕ್ಷಣೆ ಕೊಡುತ್ತದೆ, ಅದು ಬೇಕಾದುದೇ. ಹದಿನಾಲ್ಕು ಗಂಟೆಯ ಪಾಳಿಯಿಂದ ರಕ್ಷಿಸುವ ವಿಧಿ ಅದರಲ್ಲಿಲ್ಲ.

೨೦೨೩ರ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾದ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯಕೀಯಕ್ಕೋ ನರ್ಸಿಂಗಿಗೋ ಸೇರುವವರು. ಇನ್ನು ಕೆಲವರು ಅಂಕಿಸಂಖ್ಯೆಗಳ ಇಲಾಖೆಗೆ, ಆಡಳಿತಕ್ಕೆ ಹೋಗುವವರು. ಮುಂದಿನ ಸಾಂಕ್ರಾಮಿಕಕ್ಕೆ ಜಿಲ್ಲೆಗಳು ಸಿದ್ಧವಾಗಿವೆಯೆ ಎಂದು ಪರಿಶೀಲಿಸುವಾಗ ಹಾಸಿಗೆಗಳೆಷ್ಟು, ಉಸಿರಾಟದ ಯಂತ್ರಗಳೆಷ್ಟು, ಆಮ್ಲಜನಕವೆಷ್ಟು ಟನ್ನು ಎಂದು ಕೇಳುವ ವಾಡಿಕೆ ಈಗ ಬಂದಿದೆ. ಆ ಪಟ್ಟಿಗೆ ಮೂರು ಅಂಕಣಗಳನ್ನು ಸೇರಿಸಬೇಕೆಂಬುದು ನಮ್ಮ ಸೂಚನೆ: ಪ್ರತಿ ಪಾಳಿಯಲ್ಲಿ ಹತ್ತು ಹಾಸಿಗೆಗಳಿಗೆ ದಾದಿಯರೆಷ್ಟು ಮಂದಿ, ಪಾಳಿಯು ಎಷ್ಟು ಗಂಟೆಗಳದು, ಒಬ್ಬರು ಕಾಯಿಲೆ ಬಿದ್ದರೆ ಅವರ ಜಾಗಕ್ಕೆ ಬರುವವರ ಹೆಸರೇನು. ಮೂರನೆಯ ಅಂಕಣವು ಖಾಲಿಯಿರುವ ಆಸ್ಪತ್ರೆಗೆ ಹೊಸ ಯಂತ್ರಗಳನ್ನು ಕಳುಹಿಸುವ ಮೊದಲು ಅದನ್ನು ತುಂಬಬೇಕು.